ಪಿಎಂಎಲ್ ನಾಶವನ್ನು ಅಳೆದು ತೋರಿಸಿದ ಬಗೆ: ನನ್ನ ಅನುಭವ

ಹರ್ಪಿಸ್ ಸಿಂಪ್ಲೆಕ್ಸ್ ವೈರಸ್‌ನ ಐಸಿಪಿ0 ಪ್ರೋಟೀನು ಜೀವಕೋಶದ ಪಿಎಂಎಲ್ ಅನ್ನು (ಕೋಶಕೇಂದ್ರದಲ್ಲಿ ಚುಕ್ಕೆಗಳಂತೆ ಕಾಣುವ ಕಾಯಗಳನ್ನು ಕಟ್ಟುವ, ವೈರಸ್‌ಗೆ ತಡೆಯೊಡ್ಡುವ ಪ್ರೋಟೀನು) ಪ್ರೋಟಿಯಾಸೋಮ್ (ಪ್ರೋಟೀನುಗಳನ್ನು ಒಡೆಯುವ ಕೋಶದ ಯಂತ್ರ) ಮೂಲಕ ನಾಶಮಾಡುತ್ತದೆ ಎಂಬುದನ್ನು ರೋಜರ್ ಎವೆರೆಟ್ ಅವರ ತಂಡ 1998ರಲ್ಲೇ ತೋರಿಸಿತ್ತು. ಐಸಿಪಿ0 ಸ್ವತಃ ಯುಬಿಕ್ವಿಟಿನ್ ಇ3 ಲೈಗೇಸ್, ಅಂದರೆ ನಾಶವಾಗಬೇಕಾದ ಪ್ರೋಟೀನಿಗೆ ಗುರುತು ಅಂಟಿಸುವ ಕಿಣ್ವ, ಎಂಬುದಕ್ಕೆ 2002ರಲ್ಲಿ ಪುರಾವೆ ದೊರೆಯಿತು. ನನಗೆ ಬೇಕಾಗಿದ್ದುದು ಸೋಂಕಿನ ಪ್ರತಿ ಗಂಟೆಯಲ್ಲೂ ಎಷ್ಟು ಪಿಎಂಎಲ್ ಉಳಿದಿದೆ ಎಂದು ಭರವಸೆಯಿಂದ ಅಳೆಯುವ ವಿಧಾನ. ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನುಗಳನ್ನು ಜೆಲ್‌ನಲ್ಲಿ ಗಾತ್ರದಂತೆ ಬೇರ್ಪಡಿಸಿ, ಪೊರೆಗೆ ವರ್ಗಾಯಿಸಿ, ಪ್ರತಿಕಾಯದಿಂದ ಪಟ್ಟಿಗಳಾಗಿ ಗುರುತಿಸುವ ವಿಧಾನ) ಇದು ಆಗದ ಕೆಲಸ, ಫ್ಲೋರೆಸೆನ್ಸ್ ಚಿತ್ರಗಳೇ ಸಾಕು ಎಂದು ಸಹೋದ್ಯೋಗಿಗಳು ಹೇಳುತ್ತಿದ್ದರು. ಆದರೆ ಚುಕ್ಕೆಗಳು ಮಾಯವಾದ ಮಾತ್ರಕ್ಕೆ ಪ್ರೋಟೀನು ಚದುರಿತೋ ನಾಶವಾಯಿತೋ ಎಂಬುದು ಚಿತ್ರದಿಂದ ತಿಳಿಯುವುದಿಲ್ಲ.

ಮೊದಲ ತೊಡಕು, ಕೋಶಗಳನ್ನು ಒಡೆದು ಪ್ರೋಟೀನು ಕರಗಿಸಲು ಬಳಸುವ ಆರ್‌ಐಪಿಎ ಬಫರ್. ಸೋಂಕಿಲ್ಲದ ಕೋಶಗಳಲ್ಲಿ ಪಿಎಂಎಲ್‌ನ ಬಹುಪಾಲು ಕೋಶಕೇಂದ್ರದ ಕಾಯಗಳಲ್ಲಿ ಗಟ್ಟಿಯಾಗಿ ಕುಳಿತಿರುವುದರಿಂದ ಅದು ಕರಗದೆ ಗಸಿಯೊಂದಿಗೆ ತಳಕ್ಕಿಳಿಯುತ್ತದೆ, ನಾವು ಜೆಲ್‌ಗೆ ಹಾಕುವುದು ಮಾತ್ರ ಮೇಲಿನ ತಿಳಿ. ಹೀಗಾಗಿ ಕಂಟ್ರೋಲ್ ಸಾಲೇ ಮಸುಕಾಗಿ, ಹೋಲಿಕೆಗೆ ಅರ್ಥವೇ ಉಳಿಯುತ್ತಿರಲಿಲ್ಲ. ಉಪ್ಪಿನ ಪ್ರಮಾಣ ಏರಿಸಿದೆ, ಡಿಎನ್ಎ ಕತ್ತರಿಸುವ ನ್ಯೂಕ್ಲಿಯೇಸ್ ಕಿಣ್ವ ಸೇರಿಸಿದೆ, ಎರಡರಿಂದಲೂ ಪ್ರಯೋಜನವಾಗಲಿಲ್ಲ. ಇದರ ನಡುವೆ, ಆ ವರ್ಷದ ರಾಸಾಯನಿಕಗಳ ಅನುದಾನದಲ್ಲಿ ಸುಮಾರು ಮೂರನೇ ಒಂದು ಪಾಲು ಪ್ರತಿಕಾಯಗಳಿಗೇ ಹೋಯಿತು. ಅವುಗಳಲ್ಲಿ ದುಬಾರಿಯಾದದ್ದು ಪಿಎಂಎಲ್‌ನ ಕೆಲವೇ ಐಸೋಫಾರ್ಮ್‌ಗಳನ್ನು (ಒಂದೇ ಪ್ರೋಟೀನಿನ ಬೇರೆಬೇರೆ ರೂಪಗಳನ್ನು) ಗುರುತಿಸುತ್ತಿತ್ತು. ಎಲ್ಲ ಐಸೋಫಾರ್ಮ್‌ಗಳಿಗೂ ಸಮಾನವಾದ ಮುಂಭಾಗವನ್ನು ಗುರುತಿಸುವ ಅಗ್ಗದ ಪ್ರತಿಕಾಯವೇ ಕೊನೆಗೆ ಕೈಹಿಡಿಯಿತು.

ಗೆದ್ದ ವಿಧಾನ ಸರಳವಾದುದು. ತಟ್ಟೆಯಲ್ಲಿರುವ ಕೋಶಗಳ ಮೇಲೆಯೇ ಪ್ರೋಟೀನುಗಳನ್ನು ಪೂರ್ತಿ ಕರಗಿಸುವ ಮಾರ್ಜಕವಾದ ಎಸ್‌ಡಿಎಸ್ ಇರುವ ಕುದಿಬಿಸಿಯ ಬಫರ್ ಸುರಿದು, ಏನನ್ನೂ ಸೆಂಟ್ರಿಫ್ಯೂಜ್ ಮಾಡದೆ, ಎಲ್ಲವನ್ನೂ ಒಟ್ಟಾಗಿ ಸಂಗ್ರಹಿಸಿದೆ. ಆ ಬಫರ್‌ನಲ್ಲಿ ಸುಮಾರು 20 ಮಿಲಿಮೋಲಾರ್ ಎನ್‌ಇಎಂ ಎಂಬ ಕಿಣ್ವ ತಡೆಯುವ ರಾಸಾಯನಿಕ ಇರಬೇಕು, ಇಲ್ಲದಿದ್ದರೆ ಪಿಎಂಎಲ್‌ಗೆ ಅಂಟಿಕೊಂಡಿರುವ ಸುಮೋ ಎಂಬ ಸಣ್ಣ ಪ್ರೋಟೀನನ್ನು ಕಳಚುವ ಕಿಣ್ವಗಳು ಕ್ಷಣಾರ್ಧದಲ್ಲಿ ಸುಮೋ ಅಂಟಿದ ಮೇಲಿನ ಪಟ್ಟಿಗಳನ್ನೆಲ್ಲ ಅಳಿಸಿಬಿಡುತ್ತವೆ. ಎನ್‌ಇಎಂ ಅನ್ನು ಅಂದೇ ಎಥನಾಲ್‌ನಲ್ಲಿ ಕರಗಿಸಬೇಕು. ಮರ್ಕಾಪ್ಟೋಎಥನಾಲ್ ಎನ್‌ಇಎಂ ಅನ್ನು ನಿಷ್ಕ್ರಿಯಗೊಳಿಸುವುದರಿಂದ, ಮರ್ಕಾಪ್ಟೋಎಥನಾಲನ್ನು ಮಾದರಿಯನ್ನು ಜೆಲ್‌ಗೆ ಹಾಕುವ ಮುನ್ನ ಮಾತ್ರ, ಧಾರಾಳವಾಗಿ ಸೇರಿಸಬೇಕು. ಡಿಎನ್ಎಯಿಂದಾಗಿ ಮಾದರಿಯು ಬೆಲ್ಲದ ಎಳೆಪಾಕದಂತೆ ಪಿಪೆಟ್‌ಗೆ ಅಂಟಿಕೊಳ್ಳುತ್ತದೆ. ಸಣ್ಣ ಸೂಜಿಯಲ್ಲಿ ಹಾಯಿಸುತ್ತ ಹೋದರೆ, ಒಂದು ಹಂತದಲ್ಲಿ ಅದು ಇದ್ದಕ್ಕಿದ್ದಂತೆ ಹನಿಹನಿಯಾಗಿ ಬೀಳತೊಡಗುತ್ತದೆ. ಅಲ್ಲಿಗೆ ನಿಲ್ಲಿಸಿ. ದೊಡ್ಡ ಪಟ್ಟಿಗಳು ಪೊರೆಗೆ ಪೂರ್ತಿಯಾಗಿ ದಾಟಲು ವರ್ಗಾವಣೆಯ ಬಫರ್‌ನಲ್ಲಿ ನಾನು ಮಾಡಿಕೊಂಡ ಬದಲಾವಣೆಯನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಾಶವು ಪ್ರೋಟಿಯಾಸೋಮ್ ಮೂಲಕವೇ ಎಂದು ತೋರಿಸಲು ಅದನ್ನು ತಡೆಯುವ ಎಂಜಿ132 ಸೇರಿಸುವ ಸಮಯವೂ ಅಷ್ಟೇ ಮುಖ್ಯ. ವೈರಸ್ ಜೊತೆಗೇ ಕೊಟ್ಟರೆ ಅದು ವೈರಸ್‌ನ ಪ್ರವೇಶಕ್ಕೇ ಅಡ್ಡಿಯಾಗುತ್ತದೆ. ಆಗ ಪಿಎಂಎಲ್ ಉಳಿದುಕೊಂಡರೂ ಏನೂ ಸಾಬೀತಾಗುವುದಿಲ್ಲ. ಸೋಂಕಾಗಿ ಸುಮಾರು ಒಂದು ಗಂಟೆಯ ನಂತರ 10 ಮೈಕ್ರೋಮೋಲಾರ್ ಕೊಟ್ಟು, ಐಸಿಪಿ0 ತಯಾರಾಗಿದೆಯೆಂದು ಅದೇ ಪೊರೆಯಲ್ಲಿ ಖಚಿತಪಡಿಸಿಕೊಂಡೆ. ಸೋಂಕಿಲ್ಲದ ಕೋಶಗಳಲ್ಲೂ ಎಂಜಿ132 ಸುಮೋ ಪಟ್ಟಿಗಳನ್ನು ಹೆಚ್ಚಿಸುವುದರಿಂದ ಆ ಕಂಟ್ರೋಲ್ ಇಲ್ಲದ ಪ್ರಯೋಗವನ್ನು ನಾನು ನಂಬುವುದಿಲ್ಲ.

ಪ್ರತಿ ಕೋಶಕ್ಕೆ ಹತ್ತು ವೈರಸ್ ಕಣಗಳ ಲೆಕ್ಕದಲ್ಲಿ ಸೋಂಕು ಕೊಟ್ಟಾಗ ಸುಮೋ ಅಂಟಿದ ಪಟ್ಟಿಗಳು ಎರಡು ಗಂಟೆಯ ಹೊತ್ತಿಗೇ ಕ್ಷೀಣಿಸಿ, ನಾಲ್ಕು ಗಂಟೆಗೆ ಬಹುತೇಕ ಪಿಎಂಎಲ್ ಇಲ್ಲವಾಗಿತ್ತು. ಐಸಿಪಿ0ದ ರಿಂಗ್ ಭಾಗ (ಲೈಗೇಸ್ ಕೆಲಸ ಮಾಡುವ ಭಾಗ) ಕೆಡಿಸಿದ ವೈರಸ್‌ನಲ್ಲಿ ಪಿಎಂಎಲ್ ಹಾಗೆಯೇ ಉಳಿಯಿತು. ಹರ್ಪಿಸ್ ವೈರಸ್‌ನ ಇನ್ನೊಂದು ಪ್ರೋಟೀನಾದ ವಿಎಚ್‌ಎಸ್ ಎಂಆರ್‌ಎನ್‌ಎಯನ್ನು ಕತ್ತರಿಸುವುದರಿಂದ ಉತ್ಪಾದನೆ ನಿಂತು ಪಿಎಂಎಲ್ ಕುಸಿದಿರಬಹುದು ಎಂಬ ಆಕ್ಷೇಪ ಬಂದಾಗ, ಸೋಂಕಿಲ್ಲದ ಕೋಶಗಳಿಗೆ ಅಷ್ಟೇ ಹೊತ್ತು ಪ್ರೋಟೀನು ಉತ್ಪಾದನೆಯನ್ನು ನಿಲ್ಲಿಸುವ ಸೈಕ್ಲೋಹೆಕ್ಸಿಮೈಡ್ ಕೊಟ್ಟು ನೋಡಿದೆ. ಪಿಎಂಎಲ್ ಹೆಚ್ಚುಕಡಿಮೆ ಅಷ್ಟೇ ಇತ್ತು. ಇಷ್ಟು ಸ್ವಚ್ಛವಾದ ಬ್ಲಾಟ್ ನಮ್ಮ ಪ್ರಯೋಗಾಲಯದಲ್ಲಿ ಅದಕ್ಕೆ ಮೊದಲು ಬಂದಿರಲಿಲ್ಲ.

ಕುತೂಹಲಕ್ಕೆಂದು ಮಾನವ ಸೈಟೋಮೆಗಾಲೋವೈರಸ್ ಅನ್ನೂ ಇದೇ ವಿಧಾನದಲ್ಲಿ ಪರೀಕ್ಷಿಸಿದೆ. ಅದರ ಐಇ1 ಪ್ರೋಟೀನು ಪಿಎಂಎಲ್‌ನಿಂದ ಸುಮೋವನ್ನು ಕಳಚಿಸುತ್ತದೆಯೇ ಹೊರತು ಪಿಎಂಎಲ್ ಅನ್ನು ಅಳಿಸುವುದಿಲ್ಲ. ಮೇಲಿನ ಪಟ್ಟಿಗಳು ಹೋಗಿ ಕೆಳಗಿನವು ಗಟ್ಟಿಯಾಗಿ ಉಳಿದವು. ಅದೇ ವೈರಸ್‌ನ ಪಿಪಿ71 ಪ್ರೋಟೀನು ನಾಶಮಾಡುವ, ಪಿಎಂಎಲ್ ಕಾಯಗಳಲ್ಲಿರುವ ಡ್ಯಾಕ್ಸ್ ಪ್ರೋಟೀನನ್ನು ನೋಡಲು ಮಾತ್ರ ಇನ್ನೂ ಮೊದಲ ಗಂಟೆಗಳಲ್ಲೇ ಮಾದರಿ ತೆಗೆಯಬೇಕಾಯಿತು.

ಈಗ ಅವೇ ಕಾಯಗಳಲ್ಲಿರುವ ಎಸ್‌ಪಿ100 ಪ್ರೋಟೀನನ್ನೂ ಅದೇ ಪೊರೆಯಲ್ಲಿ, ಬೇರೆ ಪ್ರಾಣಿಯಲ್ಲಿ ತಯಾರಾದ ಪ್ರತಿಕಾಯದಿಂದ ನೋಡುತ್ತಿದ್ದೇನೆ. ದುರ್ಬಲಗೊಳಿಸಿದ ಪ್ರತಿಕಾಯವನ್ನು ಉಳಿಸಿಟ್ಟು ಮೂರ್ನಾಲ್ಕು ಬಾರಿ ಬಳಸುವುದರಿಂದ ಖರ್ಚು ಅರ್ಧಕ್ಕಿಂತ ಕೆಳಗಿಳಿದಿದೆ.