ಹಲ್ಲೆ ಕೇಸು ವರ್ಷಗಟ್ಟಲೆ ಎಳೆದರೆ ಗಾಯಾಳು ಏನು ಮಾಡಬೇಕು?

ಬದುವಿನ ಜಗಳದಲ್ಲಿ ತಲೆಗೆ ದೊಣ್ಣೆ ಏಟು ಬಿದ್ದರೆ ಹೊಲಿಗೆ ಬಿಚ್ಚಲು ವಾರ, ಹತ್ತು ದಿನ ಸಾಕು. ಕೋರ್ಟಿನಿಂದ ಸಾಕ್ಷಿ ಸಮನ್ಸ್ ಬರಲು ಮಾತ್ರ ನಾಲ್ಕೈದು ವರ್ಷ ಹಿಡಿಯುವುದುಂಟು. ನಿಜವಾದ ಕೇಸುಗಳೂ ಬಿದ್ದುಹೋಗುವುದು ಈ ನಡುವಿನ ಕಾಲದಲ್ಲೇ.

ಮೊದಲು ಒಂದು ಫೈಲು ಮಾಡಿ. ಎಫ್‌ಐಆರ್ ಪ್ರತಿ (ದೂರುದಾರರಿಗೆ ಅದು ಉಚಿತ), ಡಿಸ್ಚಾರ್ಜ್ ಚೀಟಿ, ಎಕ್ಸ್‌ರೇ, ಗಾಯದ ಫೋಟೊ ಎಲ್ಲವೂ ಅದರಲ್ಲಿರಲಿ. ಮೂಳೆ ಮುರಿದಿದ್ದರೆ ಅದು ತೀವ್ರ ಗಾಯ, ಕಲಮೇ ಬೇರೆ. 2024ರ ಜುಲೈ 1ಕ್ಕೆ ಮೊದಲಿನ ಹಲ್ಲೆಗೆ ಭಾರತೀಯ ದಂಡ ಸಂಹಿತೆಯ (ಐಪಿಸಿ) 323ರಿಂದ 326ರವರೆಗಿನ ಕಲಮುಗಳು ಅನ್ವಯಿಸುತ್ತವೆ; ನಂತರದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 115, 117, 118.

ಚಾರ್ಜ್‌ಶೀಟ್ ಸಲ್ಲಿಕೆಯಾದ ಮೇಲೆ ನಿಮ್ಮ ಕೇಸಿನ ಗುರುತಾದ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಕೇಳಿ ಬರೆದುಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಮುಂದಿನ ವಾಯಿದೆ ಮೊಬೈಲಿನಲ್ಲೇ ಕಾಣುತ್ತದೆ.

ಮನೆ ಬದಲಿಸಿದರೆ ಠಾಣೆಗೆ ಬರೆದು ತಿಳಿಸಿ. ‘ಸದರಿ ವಿಳಾಸದಲ್ಲಿ ಇಲ್ಲ’ ಎಂಬ ಷರಾದೊಂದಿಗೆ ಸಮನ್ಸ್ ಹಿಂದಿರುಗಿದಷ್ಟು ಸಲವೂ ಕೇಸು ಮುಂದಕ್ಕೆ ಹೋಗುತ್ತದೆ.

ಸಾಕ್ಷಿಯ ದಿನ ಬೇಗ ಹೋಗಿ ಸಹಾಯಕ ಸರ್ಕಾರಿ ಅಭಿಯೋಜಕರನ್ನು ಕಾಣಿ. ನಿಮ್ಮ ಪರ ಕೇಸು ನಡೆಸುವವರು ಅವರೇ. ಸಾಕ್ಷಿ ಹಾಜರಿದ್ದಾಗ ವಿಶೇಷ ಕಾರಣ ಬರೆದಿಡದೆ ವಿಚಾರಣೆ ಮುಂದೂಡಬಾರದು ಎಂದು ಕಾನೂನೇ ಹೇಳುತ್ತದೆ. ಇದನ್ನು ವಿನಯದಿಂದ ನೆನಪಿಸಲು ಹಿಂಜರಿಯಬೇಡಿ.

ಕಟಕಟೆಯ ಹೊತ್ತು ನಿಜಕ್ಕೂ ಕಷ್ಟದ್ದು. ಬಟ್ಟೆ ಸುತ್ತಿ, ಪಂಚರ (ಜಪ್ತಿಗೆ ಸಾಕ್ಷಿಯಾದವರ) ಸಹಿಯ ಚೀಟಿ ಅಂಟಿಸಿಟ್ಟ ದೊಣ್ಣೆಯನ್ನು ಬಿಚ್ಚಿ ನಿಮ್ಮ ಮುಂದೆ ಹಿಡಿಯುತ್ತಾರೆ. ಗಾಬರಿಯಲ್ಲಿ ‘ಹೌದು’ ಎನ್ನಬೇಡಿ, ಸರಿಯಾಗಿ ನೋಡಿ ಗುರುತಿಸಿ. ಆಮೇಲೆ ಪಾಟೀಸವಾಲು, ಅಂದರೆ ಆರೋಪಿ ಪರ ವಕೀಲರ ಪ್ರಶ್ನೆಗಳು. ಆಗ ಎಷ್ಟು ಗಂಟೆ, ಯಾರು ಯಾವ ಕಡೆಯಿಂದ ಬಂದರು, ಎಷ್ಟು ಏಟು ಎಂದು ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಮರೆತಿದ್ದರೆ ‘ನೆನಪಿಲ್ಲ ಸ್ವಾಮಿ’ ಎಂದುಬಿಡಿ. ಐದು ವರ್ಷದ ಹಿಂದಿನ ಅಂಗಿಯ ಬಣ್ಣ ಮರೆಯುವುದು ತಪ್ಪಲ್ಲ. ಮರ್ಯಾದೆ ಉಳಿಸಿಕೊಳ್ಳಲು ಹೇಳಿದ ಒಂದು ಊಹೆಯೇ ವಾದದ ಹೊತ್ತಿಗೆ ‘ಈ ಸಾಕ್ಷಿ ನಂಬಿಕೆಗೆ ಅರ್ಹನಲ್ಲ’ ಎಂಬ ಮಾತಾಗುತ್ತದೆ. ಟೈಪಾದ ಹೇಳಿಕೆಯನ್ನು ಓದಿಸಿ ಕೇಳಿ, ತಪ್ಪಿದ್ದರೆ ಸಹಿಗೆ ಮೊದಲೇ ಹೇಳಿ.

ಊರಿನ ಹಿರಿಯರು ರಾಜಿಗೆ ಕೂರಿಸುವುದು ಇದ್ದದ್ದೇ. ಐಪಿಸಿ 323ರ ಸಾದಾ ಗಾಯಕ್ಕೆ ರಾಜಿ ಆಗಬಹುದು, 325ರ ತೀವ್ರ ಗಾಯಕ್ಕೆ ಕೋರ್ಟಿನ ಅನುಮತಿ ಬೇಕು. ಅಪಾಯಕಾರಿ ಆಯುಧದಿಂದಾದ ತೀವ್ರ ಗಾಯದ 326ಕ್ಕೆ ಕಾನೂನಿನಲ್ಲಿ ರಾಜಿಯೇ ಇಲ್ಲ. ಹಾಗೆಂದು ಕಟಕಟೆಯಲ್ಲಿ ‘ಯಾರು ಹೊಡೆದರೋ ಗೊತ್ತಿಲ್ಲ’ ಎಂದು ಹೇಳಿಸುವ ಒಪ್ಪಂದಕ್ಕೆ ದಯವಿಟ್ಟು ತಲೆಯಾಡಿಸಬೇಡಿ. ಪ್ರಮಾಣ ಮಾಡಿ ಸುಳ್ಳು ಹೇಳುವುದೇ ಇನ್ನೊಂದು ಅಪರಾಧ. ಬೆದರಿಕೆ ಇದ್ದರೆ 2018ರ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ಅರ್ಜಿ ಕೊಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಕೀಲರು ಉಚಿತವಾಗಿ ಸಿಗುತ್ತಾರೆ.

ಆರೋಪಿಗಳು ನಿರ್ದೋಷಿಗಳೆಂದು ಬಿಡುಗಡೆಯಾದರೂ ದಾರಿ ಮುಚ್ಚುವುದಿಲ್ಲ. ಗಾಯಾಳುವೇ ಮೇಲ್ಮನವಿ ಹಾಕಬಹುದು, ಅದಕ್ಕೆ ಮುಂಚಿತ ಅನುಮತಿಯೂ ಬೇಡ. ಇದು ಇತ್ಯರ್ಥವಾದದ್ದು ನಮ್ಮ ಬಾಗಲಕೋಟೆಯ ಹಲ್ಲೆ ಪ್ರಕರಣವೊಂದರಲ್ಲಿ. 2009ರಲ್ಲಿ ಹಲ್ಲೆ, 2013ರಲ್ಲಿ ಬಿಡುಗಡೆ, 2018ರ ಅಕ್ಟೋಬರ್ 12ರಂದು ಸುಪ್ರೀಂ ಕೋರ್ಟ್ ತೀರ್ಪು. ಅಷ್ಟರಲ್ಲಿ ಏಟು ತಿಂದವರು ತೀರಿಕೊಂಡಿದ್ದರು. ಕೇಸನ್ನು ಅವರ ವಾರಸುದಾರರು ನಡೆಸಿದರು.