ಮನೆ ಸರ್ವರ್‌ಗೆ ಪದೇ ಪದೇ ಬರುವ ರಿಕ್ವೆಸ್ಟ್ ಯಾರದ್ದು? ಹೀಗೆ ಹುಡುಕಿ

ಶಿರಸಿ ಸುತ್ತಮುತ್ತ ನನಗೆ ಗೊತ್ತಿರುವ ನಾಲ್ಕೈದು ಮನೆಗಳಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇಟ್ಟು ಸಣ್ಣ ವೆಬ್ ಸರ್ವರ್ ನಡೆಸುತ್ತಿದ್ದಾರೆ. ಒಬ್ಬರಿಗೆ ತೋಟದ ಪಂಪಿನ ಲೆಕ್ಕ, ಇನ್ನೊಬ್ಬರಿಗೆ ಹೋಂಸ್ಟೇ ಪುಟ, ನನಗೆ ಮಳೆ ಮಾಪಕ. ಎಲ್ಲರಿಗೂ ಒಂದಲ್ಲ ಒಂದು ದಿನ ಇದೇ ಗಾಬರಿ. ಲಾಗ್, ಅಂದರೆ ಸರ್ವರ್‌ಗೆ ಯಾರು ಯಾವಾಗ ಏನು ಕೇಳಿದರು ಎನ್ನುವ ದಾಖಲೆ ತೆಗೆದು ನೋಡಿದರೆ ಒಂದೇ ರಿಕ್ವೆಸ್ಟ್ ಹಗಲೂ ರಾತ್ರಿ ಬರುತ್ತಿರುತ್ತದೆ. ಯಾರೋ ಹ್ಯಾಕ್ ಮಾಡ್ತಿದ್ದಾರೆ ಅಂದುಕೊಂಡು ತಕ್ಷಣ ಆ ವಿಳಾಸವನ್ನು ಬ್ಲಾಕ್ ಮಾಡುತ್ತಾರೆ.

ದಯವಿಟ್ಟು ಹಾಗೆ ಮಾಡಬೇಡಿ. ಬ್ಲಾಕ್ ಮಾಡಿದರೆ ಸುಳಿವೇ ತಪ್ಪಿಹೋಗುತ್ತದೆ. ಪರಿಚಯದವರೊಬ್ಬರು ಗೊತ್ತಿಲ್ಲದೆ ತಮ್ಮ ರೂಟರ್‌ನ ವಿಳಾಸವನ್ನೇ ಬ್ಲಾಕ್ ಮಾಡಿದರು. ಆಮೇಲೆ ಮನೆಯವರ ಯಾರ ಫೋನಿನಲ್ಲೂ ಪುಟ ತೆರೆಯಲಿಲ್ಲ.

ಹಂತ 1: ಲಾಗ್ ಫೈಲಿನ ಪ್ರತಿ ತೆಗೆದಿಡಿ. ಡೆಬಿಯನ್ ಲಿನಕ್ಸ್‌ನಲ್ಲಿ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಪ್ರೋಗ್ರಾಂನ ಲಾಗ್ ಸಾಮಾನ್ಯವಾಗಿ 14 ದಿನ ಮಾತ್ರ ಉಳಿಯುತ್ತದೆ. ಮೆಮರಿ ಕಾರ್ಡ್ ಬಾಳಿಕೆ ಬರಲಿ ಅಂತ ಲಾಗನ್ನು ರ‍್ಯಾಮ್‌ನಲ್ಲಿ ಇಟ್ಟಿದ್ದರೆ ಕರೆಂಟ್ ಹೋದಾಗ ಅದೂ ಹೋಗುತ್ತದೆ.

ಹಂತ 2: ಸಾಲಿನ ಮೊದಲಿಗಿರುವ ವಿಳಾಸ ನೋಡಿ. 192.168 ಅಥವಾ 10ರಿಂದ ಶುರುವಾದರೆ ರಿಕ್ವೆಸ್ಟ್ ನಿಮ್ಮ ಮನೆಯ ಒಳಗಿನದ್ದೇ. 127.0.0.1 ಇದ್ದರೆ ಪೈ ತನ್ನನ್ನೇ ಕೇಳಿಕೊಳ್ಳುತ್ತಿದೆ, ಇಲ್ಲವೇ ನೀವು ಟನೆಲ್, ಅಂದರೆ ಬೇರೊಂದು ಸೇವೆಯ ಮೂಲಕ ಹೊರಗಿನವರನ್ನು ಪೈಗೆ ತಲುಪಿಸುವ ದಾರಿ ಬಳಸುತ್ತಿದ್ದೀರಿ. ಟನೆಲ್ ಇದ್ದರೆ ನಿಜವಾದ ವಿಳಾಸ ಬೇರೆ ಹೆಡರ್‌ನಲ್ಲಿ (ರಿಕ್ವೆಸ್ಟ್ ಜೊತೆ ಬರುವ ವಿವರದ ಸಾಲು) ಬರುತ್ತದೆ, ಅದನ್ನೂ ಲಾಗ್‌ಗೆ ಸೇರಿಸಿಕೊಳ್ಳಿ. ರೂಟರ್‌ನದೇ ವಿಳಾಸ, ಅಂದರೆ 192.168.1.1 ಥರದ್ದು ಕಂಡರೆ ರೂಟರ್ ಮೇಲೆ ಅನುಮಾನ ಬೇಡ. ಮನೆಯೊಳಗಿನ ಫೋನು ನಿಮ್ಮ ಡೊಮೇನ್ ಹೆಸರಿನಿಂದ ಪುಟ ಕೇಳಿದಾಗ ರೂಟರ್ ಅದನ್ನು ಹೊರಗಿನ ವಿಳಾಸದಿಂದ ತಿರುಗಿಸಿ ಒಳಗೆ ಕಳಿಸುತ್ತದೆ. ಹೀಗೆ ತಿರುಗಿಸುವಾಗ ಎಷ್ಟೋ ರೂಟರ್‌ಗಳು ತಮ್ಮ ವಿಳಾಸವನ್ನೇ ಹಾಕಿಬಿಡುತ್ತವೆ. ಇದಕ್ಕೆ ಹೇರ್‌ಪಿನ್ ನ್ಯಾಟ್ ಅಂತಾರೆ.

ಐಪಿ ವಿಳಾಸ ಕೊಟ್ಟರೆ ಭೂಪಟದಲ್ಲಿ ಚುಕ್ಕೆ ತೋರಿಸುವ ತಾಣಗಳನ್ನು ನಂಬಬೇಡಿ. ಶಿರಸಿಯಲ್ಲಿ ಕೂತ ನನ್ನನ್ನೇ ಅವು ಬೆಂಗಳೂರಿನಲ್ಲಿ ತೋರಿಸುತ್ತವೆ.

ಹಂತ 3: ಸಮಯ ಓದಿ. ಎಲ್ಲರೂ ಎಡವುವುದು ಇಲ್ಲೇ. 'ಐದೈದು ನಿಮಿಷಕ್ಕೆ ಬರ್ತಾ ಇದೆ' ಅಂದರೆ ಸಾಲದು, ಸೆಕೆಂಡ್ ಬೇಕು. ಆ ರಿಕ್ವೆಸ್ಟ್‌ನ ಸಾಲುಗಳನ್ನಷ್ಟೇ ಗ್ರೆಪ್ ಎಂಬ ಹುಡುಕುವ ಕಮಾಂಡ್‌ನಿಂದ ಹೆಕ್ಕಿ, ಇಪ್ಪತ್ತು ಸಾಲಿನ ಸಮಯವನ್ನು ಕಾಗದದ ಮೇಲೆ ಒಂದರ ಕೆಳಗೊಂದು ಬರೆಯಿರಿ. ಕಾಗದವೇ ಒಳ್ಳೆಯದು. ಬಣ್ಣಬಣ್ಣದ ಗ್ರಾಫಿನಲ್ಲಿ ಸೆಕೆಂಡಿನ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ಪ್ರತಿ ಸಲವೂ ನಿಮಿಷ ಶುರುವಾಗುತ್ತಲೇ, ಅಂದರೆ 00 ಇಲ್ಲವೇ 01ನೇ ಸೆಕೆಂಡಿಗೆ ಬಂದರೆ ಅದು ಗಡಿಯಾರ ನೋಡಿ ಓಡುವ ಕೆಲಸ. ಹೆಚ್ಚಾಗಿ ಕ್ರಾನ್, ಅಂದರೆ ಹೇಳಿಟ್ಟ ಹೊತ್ತಿಗೆ ಕೆಲಸ ಓಡಿಸುವ ಲಿನಕ್ಸ್ ವ್ಯವಸ್ಥೆ. ನೀವೇ ಹಿಂದೆ ಬರೆದಿಟ್ಟು ಮರೆತಿರಬಹುದು. ಬರುವ ಸಮಯ ಪ್ರತಿ ಸಲ ಒಂದೆರಡು ಸೆಕೆಂಡ್ ಮುಂದೆ ಜಾರುತ್ತಾ ಹೋದರೆ ಕತೆ ಬೇರೆ. ಅದು ಉತ್ತರ ಬಂದ ಮೇಲೆ 'ಇನ್ನು 300 ಸೆಕೆಂಡ್ ಕಾಯುತ್ತೇನೆ' ಎನ್ನುವ ಪ್ರೋಗ್ರಾಂ. ಕಾಯುವ ಹೊತ್ತಿಗೆ ಕೆಲಸದ ಹೊತ್ತೂ ಸೇರುತ್ತದೆ.

ನನ್ನ ಮನೆಯದ್ದೇ ಉದಾಹರಣೆ ಹೇಳುತ್ತೇನೆ. ಹಳೆಯ ಮಳೆ ಫೈಲೊಂದನ್ನು ಯಾರೋ ಕೇಳುತ್ತಿದ್ದರು, ಅದನ್ನು ನಾನು ಅಳಿಸಿದ್ದರಿಂದ 404, ಅಂದರೆ 'ಅಂಥದ್ದು ಇಲ್ಲ' ಎನ್ನುವ ಉತ್ತರ ಹೋಗುತ್ತಿತ್ತು. ವಿಳಾಸ ನೋಡಿದರೆ ರೂಟರ್‌ನದು. ಐದು ನಿಮಿಷಕ್ಕೊಂದಾದರೆ ದಿನಕ್ಕೆ 288 ಆಗಬೇಕು. ಎಣಿಸಿದರೆ 286. ಅಂತರ ತೆಗೆದು ನೋಡಿದೆ, 302 ಸೆಕೆಂಡ್. ಅಲ್ಲಿಗೆ ಕ್ರಾನ್ ಅಲ್ಲ, ಎಲ್ಲೋ ತೆರೆದೇ ಇರುವ ಪುಟ ಇರಬಹುದು ಅನ್ನಿಸಿತು.

ಸಾಲುಗಳ ನಡುವೆ ಖಾಲಿ ಬಿಟ್ಟ ಜಾಗವನ್ನೂ ಓದಬೇಕು. ಒಂದು ಮಧ್ಯಾಹ್ನ ಆಯಿ ತಂಬುಳಿಗೆ ಒಂದೆಲಗ ಅರೆಯುತ್ತಿದ್ದಾಗ ಕರೆಂಟ್ ಹೋಗಿ ಮಿಕ್ಸಿ ನಿಂತಿತು. ಪೈ ಮತ್ತು ರೂಟರ್ ಎರಡೂ ಇನ್ವರ್ಟರ್ ಮೇಲಿವೆ, ಅವು ನಿಲ್ಲಲಿಲ್ಲ. ಆದರೆ ಲಾಗ್‌ನಲ್ಲಿ ಆ ರಿಕ್ವೆಸ್ಟ್ ಮಾತ್ರ ಅದೇ ಹೊತ್ತಿಗೆ ನಿಂತು, ಕರೆಂಟ್ ಬಂದ ಮೇಲೆ ಮತ್ತೆ ಶುರುವಾಗಿತ್ತು. ಅಂದರೆ ಕೇಳುತ್ತಿರುವವರು ಇನ್ವರ್ಟರ್ ಇಲ್ಲದ ಕಡೆ ಇದ್ದಾರೆ ಅಲ್ವಾ?

ಇಲ್ಲಿ ಒಂದು ಎಚ್ಚರಿಕೆ ಬೇಕು. ಪೈ 4ರವರೆಗಿನ ಬೋರ್ಡ್‌ಗಳಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಪೈ 5ರಲ್ಲಿ ಗಡಿಯಾರ ಇದೆ, ಬ್ಯಾಟರಿ ಬೇರೆ ಕೊಳ್ಳಬೇಕು. ಪೈ ಆಫ್ ಆಗಿ ಆನ್ ಆದರೆ, ಇಂಟರ್ನೆಟ್‌ನಿಂದ ಸಮಯ ಸಿಗುವವರೆಗೆ ಲಾಗ್‌ನಲ್ಲಿ ತಪ್ಪು ಸಮಯ ಬೀಳುತ್ತದೆ. ಆ ಸಾಲುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹಂತ 4: ಬ್ರೌಸರ್ ಗುರುತು, ಅಂದರೆ ಯೂಸರ್ ಏಜೆಂಟ್ ನೋಡಿ. ಜಾಸ್ತಿ ನಂಬಬೇಡಿ. ಈಗಿನ ಕ್ರೋಮ್ ಯಾವ ಆಂಡ್ರಾಯ್ಡ್ ಫೋನಿನಲ್ಲಿದ್ದರೂ 'ಆಂಡ್ರಾಯ್ಡ್ 10, ಕೆ' ಎಂದೇ ಬರೆಯುತ್ತದೆ. ಗೂಗಲ್‌ಬಾಟ್ (ಪುಟಗಳನ್ನು ಓದಿಕೊಂಡು ಹೋಗುವ ಗೂಗಲ್‌ನ ಪ್ರೋಗ್ರಾಂ) ಅಂತ ಯಾರು ಬೇಕಾದರೂ ಹೆಸರು ಹಾಕಿಕೊಳ್ಳಬಹುದು.

ಹಂತ 5: ಹೊರಗಿನ ವಿಳಾಸವಾದರೆ ಲಾಗ್ ಫಾರ್ಮ್ಯಾಟ್‌ಗೆ ಹೋಸ್ಟ್ ಸೇರಿಸಿ. ಎಂಜಿನ್‌ಎಕ್ಸ್‌ನ ಮಾಮೂಲಿ ಲಾಗ್‌ನಲ್ಲಿ ಅದು ಇರುವುದಿಲ್ಲ. ಬಂದವರು ಯಾವ ಹೆಸರು ಹಿಡಿದು ಬಂದರು ಅಂತ ಅದರಿಂದ ತಿಳಿಯುತ್ತದೆ. ಹೆಸರು ನಿಮ್ಮದಲ್ಲದೆ ಬೇರೆ ಯಾರದೋ ಆಗಿದ್ದರೆ, ನಿಮ್ಮ ಈಗಿನ ಐಪಿ ಹಿಂದೆ ಅವರ ಬಳಿ ಇದ್ದಿರಬಹುದು. ರೂಟರ್ ರೀಸ್ಟಾರ್ಟ್ ಆದಾಗ ಐಪಿ ಬದಲಾಗುವ ಮನೆಗಳಲ್ಲಿ ಇದು ಆಗುತ್ತದೆ. ಹೆಸರೇ ಇಲ್ಲದೆ ಬರಿ ಐಪಿ ಇದ್ದರೆ ಅದು ಹೆಚ್ಚಾಗಿ ಸ್ಕ್ಯಾನರ್, ಅಂದರೆ ಸಿಕ್ಕ ವಿಳಾಸಗಳನ್ನೆಲ್ಲ ತಟ್ಟಿ ನೋಡುವ ಪ್ರೋಗ್ರಾಂ. ಐಪಿವಿ4 ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಒಂದೇ ಕಂಪ್ಯೂಟರ್‌ನಿಂದ ಮುಕ್ಕಾಲು ಗಂಟೆಯೊಳಗೆ ಅವುಗಳಲ್ಲಿ ಸಾರ್ವಜನಿಕವಾದವನ್ನೆಲ್ಲ ತಟ್ಟಿ ನೋಡಬಹುದು ಎಂದು ಮಿಶಿಗನ್ ವಿಶ್ವವಿದ್ಯಾಲಯದವರು 2013ರಲ್ಲೇ ಝಡ್‌ಮ್ಯಾಪ್ ಎಂಬ ಪ್ರೋಗ್ರಾಂನಿಂದ ತೋರಿಸಿದರು. ಪುಟವನ್ನು ಎಚ್‌ಟಿಟಿಪಿಎಸ್ ಮಾಡಲು ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ಪಡೆದರೆ ನಿಮ್ಮ ಡೊಮೇನ್ ಹೆಸರು ಸಾರ್ವಜನಿಕ ಪಟ್ಟಿಗೆ ಸೇರುತ್ತದೆ, ಸ್ಕ್ಯಾನರ್‌ಗಳು ಅದನ್ನೂ ನೋಡುತ್ತಿರುತ್ತವೆ. ವರ್ಡ್‌ಪ್ರೆಸ್ ಇಲ್ಲದ ಸರ್ವರ್‌ನಲ್ಲಿ ವರ್ಡ್‌ಪ್ರೆಸ್ ಲಾಗಿನ್ ಪುಟ ಕೇಳಿದರೆ 404 ಹೋಗುತ್ತದೆ, ಅಷ್ಟೇ. ಸಿಟ್ಟಿನಲ್ಲಿ ಅವರನ್ನು ತಿರುಗಿ ಸ್ಕ್ಯಾನ್ ಮಾಡಲು ಹೋಗಬೇಡಿ. ವಿಪರೀತವಾದರೆ ಫೇಲ್‌2ಬ್ಯಾನ್ ಹಾಕಿ, ಲಾಗ್ ನೋಡಿ ಕಾಟ ಕೊಡುವ ವಿಳಾಸವನ್ನು ಅದೇ ಬ್ಲಾಕ್ ಮಾಡುತ್ತದೆ.

ಹಂತ 6: ಒಳಗಿನದಾದರೆ ಮನೆಯ ಸಾಧನಗಳನ್ನು ಒಂದೊಂದೇ ಆಫ್ ಮಾಡಿ ನೋಡಿ, ಪ್ರತಿ ಸಲ ಕನಿಷ್ಠ ಮೂರು ಸುತ್ತು ಕಾಯಿರಿ. 'ನಿಮ್ಮ ವೈಫೈಯಲ್ಲಿ ಯಾರಿದ್ದಾರೆ' ಎಂದು ತೋರಿಸುವ ಆ್ಯಪ್‌ಗಳು ಸುಮ್ನೆ ಸಮಯ ಹಾಳು. ಈಗಿನ ಫೋನುಗಳು ವೈಫೈಗೆ ನಕಲಿ ಮ್ಯಾಕ್ ವಿಳಾಸ (ಸಾಧನದ ಗುರುತಿನ ಸಂಖ್ಯೆ) ಕೊಡುತ್ತವೆ, ವೈಫೈಯನ್ನು ದೂರಕ್ಕೆ ಮುಟ್ಟಿಸುವ ಅಗ್ಗದ ಎಕ್ಸ್‌ಟೆಂಡರ್ ಇದ್ದರಂತೂ ಹಲವು ಸಲ ಅದರ ಮ್ಯಾಕ್ ಒಂದೇ ಕಾಣುತ್ತದೆ.

ನನ್ನ ಮನೆಯಲ್ಲಿ ಇನ್ವರ್ಟರ್ ಇಲ್ಲದೆ ವೈಫೈ ಇರುವ ಜಾಗ ಒಂದೇ. ಅಂಗಳದಾಚೆ ಚಿಕ್ಕಪ್ಪನ ಮನೆಯ ಎಕ್ಸ್‌ಟೆಂಡರ್. ಅದರ ಸ್ವಿಚ್ ಆರಿಸಿ ಇಪ್ಪತ್ತು ನಿಮಿಷ ಕಾದೆ, ಒಂದೂ ರಿಕ್ವೆಸ್ಟ್ ಬರಲಿಲ್ಲ. ಒಳಗೆ ಹೋಗಿ ನೋಡಿದರೆ ಜಗುಲಿಯ ಗೋಡೆಗೆ ತಗುಲಿಸಿದ ಹಳೆಯ ಫೋನು. ಅದರಲ್ಲಿ ನಾನು ಎರಡು ವರ್ಷದ ಹಿಂದೆ ಹಾಕಿಕೊಟ್ಟ ಮಳೆ ಪುಟ ಇನ್ನೂ ತೆರೆದಿತ್ತು.

'ಹದಿನೈದು ದಿನದಿಂದ ಅದೇ ಅಂಕಿ ತೋರಿಸ್ತಾ ಇದೆ ಮಾರಾಯ. ಅಡಿಕೆ ಕೊಳೆರೋಗಕ್ಕೆ ಮದ್ದು ಹೊಡೆಸೋದು ಯಾವಾಗ ಅಂತ ಅದನ್ನೇ ನೋಡ್ತಾ ಇದ್ದೆ' ಅಂದರು ಚಿಕ್ಕಪ್ಪ. ಹಳೆಯ ಫೈಲನ್ನು ಅವತ್ತೇ ಅದೇ ಹೆಸರಿನಲ್ಲಿ ಸರ್ವರ್‌ಗೆ ಮತ್ತೆ ಹಾಕಿದೆ. ಮುಂದಿನ ಸುತ್ತಿಗೆ ಲಾಗ್‌ನಲ್ಲಿ 404ರ ಬದಲು 200, ಅಂದರೆ 'ಸಿಕ್ಕಿತು' ಎನ್ನುವ ಉತ್ತರ ಬಂತು. ಜಗುಲಿಯ ಫೋನಿನಲ್ಲಿ ಅವತ್ತಿನ ಮಳೆ ಬಂತು.