ಬಾದಾಮಿ ಕೋಟೆಗೆ ಒಂದು ದಿನ: ಮೊದಲು ಉತ್ತರ ಗುಡ್ಡ ಹತ್ತಿ

ಬಾದಾಮಿಗೆ ಬಂದವರು ಹೆಚ್ಚಾಗಿ ಬಸ್ ಇಳಿದು ನೇರ ಗುಹೆಗಳಿಗೆ ಹೋಗುತ್ತಾರೆ. ಅವನ್ನು ಮುಗಿಸಿ ಉತ್ತರ ಕೋಟೆಯ ಬುಡಕ್ಕೆ ಬರುವಷ್ಟರಲ್ಲಿ ಮಟಮಟ ಮಧ್ಯಾಹ್ನ. ಮರಳುಗಲ್ಲು ಕಾದಿರುತ್ತದೆ, ಗುಡ್ಡದ ಮೇಲೆ ನೆರಳಿಲ್ಲ, ಅರ್ಧಕ್ಕೇ ಇಳಿದುಬಿಡುತ್ತಾರೆ. ಅದಕ್ಕೆ ಬೆಳಿಗ್ಗೆ ಕೋಟೆ, ನಡುಹಗಲು ಗುಹೆ, ಸಂಜೆ ಭೂತನಾಥ ಗುಡಿ ಅಂತ ಇಟ್ಟುಕೊಳ್ಳಿ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ.

ಕೋಟೆಯ ದಾರಿ ಅಗಸ್ತ್ಯತೀರ್ಥ ಕೆರೆಯ ಉತ್ತರ ದಂಡೆಯ ಮ್ಯೂಸಿಯಂ ಪಕ್ಕದಿಂದ ಹೊರಡುತ್ತದೆ. ಬಿಸಿಲೇರುವ ಮೊದಲೇ ಹತ್ತಿ, ಎರಡು ತಾಸು ಕೊಡಿ. ಮೇಲೆ ಅಂಗಡಿಯಿಲ್ಲ, ತಲೆಗೆ ಒಂದು ಲೀಟರ್ ನೀರಾದರೂ ಬೇಕು. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಮಂಗಗಳು ಬಿಡುವುದಿಲ್ಲ, ತಿಂಡಿಯನ್ನು ಬ್ಯಾಗಿನೊಳಗೇ ಇಡಿ. ಮಳೆ ಬಿದ್ದ ದಿನ ಸವೆದ ಮೆಟ್ಟಿಲು ಜಾರುತ್ತವೆ, ನುಣುಪಾದ ಅಟ್ಟೆಯ ಚಪ್ಪಲಿ ಬೇಡ.

ಬಾಗಿಲು ದಾಟಿದ ಮೇಲೆ ಬರುವ ಬಂಡೆಯ ಸಂದಿಯಲ್ಲಿ ಅವಸರ ಮಾಡಬೇಡಿ. ಎರಡೂ ಕಡೆ ಕಡಿದಾದ ಗೋಡೆ, ನಡುವೆ ಇಕ್ಕಟ್ಟಾದ ದಾರಿ. ನಿಂತು ತಲೆಯೆತ್ತಿ ನೋಡಿ: ಇಲ್ಲಿ ನುಗ್ಗಿದ ದಂಡು ಸಾಲಾಗಿ ನಡೆಯಬೇಕು, ಕಾಯುವವರಿಗೆ ಮೇಲಿನಿಂದ ಕಲ್ಲು ಉರುಳಿಸಿದರೂ ಸಾಕು. ಕ್ರಿ.ಶ. 543ರ ಬಂಡೆ ಶಾಸನದಲ್ಲಿ ಚಾಲುಕ್ಯ ದೊರೆ ಒಂದನೇ ಪುಲಕೇಶಿ ವಾತಾಪಿ (ಬಾದಾಮಿಯ ಹಳೆಯ ಹೆಸರು) ಬೆಟ್ಟವನ್ನು ಮೇಲಿನಿಂದಲೂ ಕೆಳಗಿನಿಂದಲೂ ಗೆಲ್ಲಲಾಗದ ದುರ್ಗವಾಗಿ ಮಾಡಿದನೆಂದಿದೆ. ಆ ಮಾತಿನ ಅರ್ಥ ಈ ಸಂದಿಯಲ್ಲಿ ಕಾಲಿಗೇ ತಿಳಿಯುತ್ತದೆ. ಹಾಗಿದ್ದೂ 642ರಲ್ಲಿ ಪಲ್ಲವ ನರಸಿಂಹವರ್ಮ ಊರು ಹಿಡಿದ. ಈಗ ಕಾಣುವ ಗೋಡೆ, ಬುರುಜುಗಳಲ್ಲಿ ಬಹಳಷ್ಟು ಚಾಲುಕ್ಯರ ನಂತರದವು. ಎಲ್ಲವನ್ನೂ ಅವರ ಲೆಕ್ಕಕ್ಕೆ ಬರೆಯಬೇಡಿ.

ಮುಂದೆ ಕೆಳಗಿನ ಶಿವಾಲಯ, ಗುಮ್ಮಟದ ಕಣಜಗಳು, ತುದಿಯಲ್ಲಿ ಮೇಲಿನ ಶಿವಾಲಯ. ಅದರ ಗೋಡೆಯಲ್ಲಿ ಗೋವರ್ಧನ ಎತ್ತಿದ ಕೃಷ್ಣನನ್ನು ಹುಡುಕಿ. ಅಂಚಿಗೆ ಕಟಾಂಜನವಿಲ್ಲದ ಕಡೆ ಮಕ್ಕಳ ಕೈ ಬಿಡಬೇಡಿ.

ಇಳಿದ ಮೇಲೆ ಮ್ಯೂಸಿಯಂ, ಶುಕ್ರವಾರ ರಜೆ. ಆಮೇಲೆ ದಕ್ಷಿಣ ಗುಡ್ಡದ ಗುಹೆಗಳು, ಒಳಗೆ ತಂಪು. ಸಮಯ ಕಡಿಮೆಯಿದ್ದರೆ ಮೂರನೆಯದಕ್ಕೇ ಹೆಚ್ಚು ಹೊತ್ತು ಕೊಡಿ. ಅದು 578ರದು, ಪುಲಕೇಶಿಯ ಮಗ ಮಂಗಳೇಶನ ಶಾಸನವಿದೆ. ಕಂಬದ ಮೇಲಿನ ಜೋಡಿ ಶಿಲ್ಪಗಳನ್ನು ಕತ್ತೆತ್ತಿಯೇ ನೋಡಬೇಕು. ಎರಡು, ಮೂರನೇ ಗುಹೆಗಳ ನಡುವಿನ ಮೆಟ್ಟಿಲು ದಕ್ಷಿಣ ಕೋಟೆಯದು, ಅಲ್ಲಿಗೆ ಪ್ರವೇಶವಿಲ್ಲ.

ಊಟಕ್ಕೆ 5 ಕಿ.ಮೀ. ದೂರದ ಬನಶಂಕರಿಗೆ ಹೋಗಿ. ಗುಡಿಯ ಬಳಿ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ತರುವ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಮೊಸರಿಗೆ ಹೋಟೆಲಿನ ಊಟ ಸಮವಲ್ಲ.

ಸಂಜೆಗೆ ಕೆರೆಯ ಪೂರ್ವ ದಂಡೆಯ ಭೂತನಾಥ ಗುಡಿ. ‘ಸಾಧುಗೆ ಸಾಧು’ ಎಂಬ ಕಪ್ಪೆ ಅರಭಟ್ಟನ ತ್ರಿಪದಿ ಶಾಸನವೂ ಕೆರೆಯ ಈಶಾನ್ಯದ ಬಂಡೆಯಲ್ಲೇ ಇದೆ. ದಾರಿಯನ್ನು ಪಕ್ಕದ ತಟ್ಟುಕೋಟೆ ಊರಿನವರನ್ನು ಕೇಳಿ. ರೈಲಿಗೆ ಹೋಗುವವರು ಬೇಗ ಹೊರಡಿ: ಸ್ಟೇಷನ್ ಊರಿಂದ ಸುಮಾರು 5 ಕಿ.ಮೀ., ಕತ್ತಲಾದ ಮೇಲೆ ಟಂಟಂ (ಶೇರ್ ಆಟೋ) ತುಂಬುವವರೆಗೆ ಕಾಯಬೇಕಾದೀತು.